ಹತ್ತೊಂಬತ್ತನೆಯ ಗೇಟೂ ಗೆಲಿಲಿಯೋನ ಬೆಸ ಸಂಖ್ಯೆಗಳೂ

ಭೌತಶಾಸ್ತ್ರದ ಕಠಿಣವಾದ ಲೆಕ್ಕವೊಂದರ ಮುಂದೆ ಕುಳಿತ ಪಿ.ಯು. ತರಗತಿಯ ವಿದ್ಯಾರ್ಥಿಯನ್ನು ಸ್ವಲ್ಪ ಹೊತ್ತು ಗಮನಿಸಿದವರಿಗೆ ಒಂದು ಸಂಗತಿಯು ಗೋಚರವಾಗದೆ ಇರದು: ಪ್ರಶ್ನೆಯನ್ನು ಕೊನೆಯವರೆಗೆ ಓದುವ ಮೊದಲೇ ಅವನ ಮನಸ್ಸು ಸೂತ್ರಗಳ ಪಟ್ಟಿಯತ್ತ ಧಾವಿಸಿರುತ್ತದೆ. ಕೊಟ್ಟಿರುವ ಅಂಕಿಗಳಾವುವು, ಅವುಗಳಿಗೆ ಸಲ್ಲುವ ಅಕ್ಷರಗಳಾವುವು, ಆ ಅಕ್ಷರಗಳೆಲ್ಲ ಒಟ್ಟಿಗೆ ಕಾಣಿಸಿಕೊಳ್ಳುವ ಸಮೀಕರಣ ಯಾವುದು ಎಂಬ ಹುಡುಕಾಟದಲ್ಲಿಯೇ ಅವನ ಕಾಲವೂ ಶ್ರದ್ಧೆಯೂ ವ್ಯಯವಾಗಿ, ಪ್ರಶ್ನೆಯು ಯಾವ ಘಟನೆಯನ್ನು ಕುರಿತದ್ದೋ ಆ ಘಟನೆಯು ಅವನ ಕಣ್ಣೆದುರಿಗೆ ಒಮ್ಮೆಯೂ ಮೂಡದೆ ಹೋಗುತ್ತದೆ. ಉತ್ತರ ಕೆಲವೊಮ್ಮೆ ಸರಿಯಾಗಿಯೇ ಬರುವುದು; ಆದರೆ ಅದು ಏಕೆ ಸರಿ ಎಂದು ಕೇಳಿದರೆ ಅವನಲ್ಲಿ ಮಾತಿಲ್ಲ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಮಕ್ಕಳು ಹೀಗೆ ಕಲಿಯುವುದನ್ನು ಕಂಡಾಗ ನನಗೆ ಆಗುವ ವ್ಯಥೆಗೆ ವಿಶೇಷವಾದ ಕಾರಣವುಂಟು. ಯಂತ್ರಶಾಸ್ತ್ರ, ವಿದ್ಯುತ್ತು, ತರಂಗ, ಪರಮಾಣು ಎಂದು ಪಠ್ಯಪುಸ್ತಕಗಳು ವಿಂಗಡಿಸಿರುವ ನಾಲ್ಕು ಪ್ರಕರಣಗಳಿಗೂ ಬೇಕಾದ ಸಾಮಗ್ರಿಯನ್ನು ಇಷ್ಟು ಸಮೀಪದಲ್ಲಿ, ಇಷ್ಟು ಭವ್ಯವಾದ ಪ್ರಮಾಣದಲ್ಲಿ ಇರಿಸಿಕೊಂಡಿರುವ ಸೀಮೆ ಕರ್ನಾಟಕದಲ್ಲಿ ಮತ್ತೊಂದು ಇರಲಾರದು. ತುಂಗಭದ್ರಾ ಅಣೆಕಟ್ಟಿನ ದೀಪಗಳು ಕಾಣುವ ಮನೆಯಲ್ಲಿ ಕುಳಿತು, ಯಾವುದೋ ಹೆಸರಿಲ್ಲದ ತೊಟ್ಟಿಯಲ್ಲಿರುವ ನೀರಿನ ಒತ್ತಡವನ್ನು ಲೆಕ್ಕ ಹಾಕುವ ಹುಡುಗನು, ಲೆಕ್ಕವೂ ಲೋಕವೂ ಬೇರೆ ಬೇರೆ ಎಂಬ ಭಾವನೆಯನ್ನು ತನಗರಿವಿಲ್ಲದೆಯೇ ಬೆಳೆಸಿಕೊಳ್ಳುತ್ತಾನೆ. ಲೆಕ್ಕವನ್ನು ಬಿಡಿಸುವ ವಿದ್ಯೆಯ ಬಹುಭಾಗವು ಸೂತ್ರವನ್ನು ಬರೆಯುವುದಕ್ಕೆ ಮೊದಲೇ, ಅಂದರೆ ಚಿತ್ರವನ್ನು ಬರೆದು, ಯಾವುದನ್ನು ಗಣಿಸಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಣಯಿಸುವ ಹೊತ್ತಿನಲ್ಲಿಯೇ ಮುಗಿದಿರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಆ ನಂಬಿಕೆಗೆ ಆಧಾರಗಳನ್ನು ಈ ಸೀಮೆಯಿಂದಲೇ ಎತ್ತಿಕೊಡಬಹುದು.

2024ರ ಆಗಸ್ಟ್ 10ರ ರಾತ್ರಿ, ಜಲಾಶಯವು ತುಂಬಿ ನಿಂತಿದ್ದಾಗ, ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ, ಗೇಟು ನೀರಿನಲ್ಲಿ ಕೊಚ್ಚಿಹೋದ ಸಂಗತಿಯನ್ನು ಈ ಭಾಗದ ರೈತನೊಬ್ಬನೂ ಮರೆತಿಲ್ಲ. 1945ರಲ್ಲಿ ಅಡಿಗಲ್ಲನ್ನು ಕಂಡು, 1953ರಲ್ಲಿ, ಅಂದರೆ ಬಳ್ಳಾರಿಯ ತಾಲ್ಲೂಕುಗಳು ಮದರಾಸಿನಿಂದ ಬಿಡಿಸಿಕೊಂಡು ಮೈಸೂರನ್ನು ಸೇರಿದ ವರ್ಷದಲ್ಲಿಯೇ, ಕಾಲುವೆಗಳಿಗೆ ನೀರು ಹರಿಸಲಾರಂಭಿಸಿದ ಈ ಅಣೆಕಟ್ಟಿಗೆ ಇರುವ ಗೇಟುಗಳು 33. ಒಂದೊಂದರ ಅಗಲ 60 ಅಡಿ, ಎತ್ತರ 20 ಅಡಿ. ಈ ಎರಡು ಅಂಕಿಗಳಷ್ಟೇ ಸಾಕು, ಪಿ.ಯು. ವಿದ್ಯಾರ್ಥಿಗೆ ಯೋಗ್ಯವಾದ ಒಂದು ಉತ್ತಮ ಲೆಕ್ಕ ಸಿದ್ಧವಾಯಿತು: ತುಂಬಿದ ಜಲಾಶಯದ ನೀರು ಮುಚ್ಚಿದ ಗೇಟೊಂದನ್ನು ಎಷ್ಟು ಬಲದಿಂದ ನೂಕುತ್ತದೆ?

ಈ ಪ್ರಶ್ನೆಯನ್ನು ತರಗತಿಯಲ್ಲಿ ಮುಂದಿಟ್ಟಾಗ ಮೊದಲು ಏಳುವ ಸಂದೇಹವು ಬಹಳ ಸಹಜವಾದದ್ದು. “ಸರ್, ಹಿಂದುಗಡೆ ನೂರಾರು ಟಿಎಂಸಿ ನೀರು ಇದೆಯಲ್ಲ, ಅಷ್ಟೂ ಬಂದು ಗೇಟಿನ ಮೇಲೆ ಒರಗೋದಿಲ್ವಾ?” ಎಂದು ಕೇಳಿದ ಹುಡುಗಿಗೆ, “ಇಲ್ಲಮ್ಮ, ಗೇಟಿನ ಹಿಂದೆ ಒಂದು ಗೇಣು ದಪ್ಪದ ನೀರಿನ ಗೋಡೆ ಇದ್ದರೂ ಅಷ್ಟೆ, ಮೈಲುಗಟ್ಟಲೆ ಕೆರೆ ಇದ್ದರೂ ಅಷ್ಟೆ, ನಿಂತ ನೀರಿಗೆ ಆಳವೊಂದೇ ಗೊತ್ತು” ಎಂದು ಮೇಷ್ಟರು ಹೇಳಿದಾಗ ಅವಳ ಮುಖದಲ್ಲಿ ಅಪನಂಬಿಕೆಯೇ ಎದ್ದು ತೋರುವುದು. ಆ ಅಪನಂಬಿಕೆ ಅಮೂಲ್ಯವಾದದ್ದು; ಅದನ್ನು ಸೂತ್ರದಿಂದ ಮುಚ್ಚಿಹಾಕಬಾರದು. ಒಂದು ಬಿಂದುವಿನಲ್ಲಿ ನೀರಿನ ಒತ್ತಡವು ಅದರ ಮೇಲಿರುವ ನೀರಿನ ಎತ್ತರವನ್ನು ಅವಲಂಬಿಸಿದೆಯೇ ಹೊರತು ಅದರ ಹಿಂದಿರುವ ನೀರಿನ ರಾಶಿಯನ್ನಲ್ಲ ಎಂಬುದನ್ನು ಅವಳು ತಾನಾಗಿಯೇ ಚಿತ್ರ ಬರೆದು ಕಂಡುಕೊಂಡಳೆಂದರೆ, ಜಲಾಶಯದ ವಿಸ್ತಾರವೂ, ಅದರ ಸಾಮರ್ಥ್ಯವೂ, ಮಳೆಗಾಲದ ಒಳಹರಿವೂ ಲೆಕ್ಕದಿಂದ ತಾವಾಗಿಯೇ ಕಳಚಿ ಬೀಳುವುವು.

ಇನ್ನು ಅಂಕಗಣಿತ. ಗೇಟಿನ ಮೇಲಂಚಿನವರೆಗೆ ನೀರು ನಿಂತಿದೆ ಎಂದು ಹಿಡಿಯೋಣ. ಮೇಲಂಚಿನಲ್ಲಿ ನೀರಿನ ಒತ್ತಡ ಶೂನ್ಯ, 6.1 ಮೀಟರ್ ಕೆಳಗೆ, ಬುಡದಲ್ಲಿ, ಅದು ಚದರ ಮೀಟರಿಗೆ ಸುಮಾರು 60,000 ನ್ಯೂಟನ್. ನಡುವೆ ಸಮವಾಗಿ ಏರುತ್ತ ಹೋಗುವುದರಿಂದ ಸರಾಸರಿ 30,000. ಗೇಟಿನ ಕ್ಷೇತ್ರಫಲ 18.3 ಮೀಟರ್ ಅಗಲಕ್ಕೆ 6.1 ಮೀಟರ್ ಎತ್ತರ, ಎಂದರೆ ಸುಮಾರು 112 ಚದರ ಮೀಟರ್. ಗುಣಿಸಿದರೆ ಬರುವ ಬಲವು 33 ಲಕ್ಷ ನ್ಯೂಟನ್ನುಗಳಿಗೂ ಮಿಗಿಲು. ಜನರ ಮಾತಿನಲ್ಲಿ ಹೇಳುವುದಾದರೆ ಸುಮಾರು 340 ಟನ್ನಿನ ತೂಕ. ಒಂದೊಂದು ಗೇಟೂ ಇಷ್ಟು ನೂಕನ್ನು ತಡೆದುಕೊಂಡು ಎಪ್ಪತ್ತು ವರ್ಷ ನಿಂತಿತ್ತು.

ಗೇಟು ಹೋದ ಮೇಲೆ, ಉಳಿದ ಗೇಟುಗಳನ್ನೂ ತೆರೆದು ಜಲಾಶಯದ ಮಟ್ಟವನ್ನು ಇಳಿಸುತ್ತ, ಹರಿಯುವ ನೀರಿನಲ್ಲಿಯೇ ಆ ದ್ವಾರವನ್ನು ಮುಚ್ಚುವ ಸಾಹಸ ನಡೆಯಿತು. ಗೇಟುಗಳ ತಜ್ಞರಾದ ವಯೋವೃದ್ಧ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಒಂದೇ ಗೇಟಿನ ಬದಲು ಐದು ಅಡ್ಡ ಖಂಡಗಳ ಸ್ಟಾಪ್ ಲಾಗನ್ನು ಒಂದರ ಮೇಲೊಂದರಂತೆ ಇಳಿಸುವುದೆಂದು ನಿಶ್ಚಯವಾಗಿ, ಆಗಸ್ಟ್ 16ರಂದು ಮೊದಲನೆಯ ಖಂಡವು ಕೂತು, ಮರುದಿನ ಕಾರ್ಯವು ಪೂರ್ಣವಾಯಿತು. ಆ ವರ್ಷದ ಬೆಳೆಗೆ ನೀರು ಉಳಿಯಿತು. ಐದು ಖಂಡಗಳು, ಒಂದೊಂದು ನಾಲ್ಕು ಅಡಿ: ಇಲ್ಲಿ ನನ್ನ ಎರಡನೆಯ ಪ್ರಶ್ನೆ. ಗೇಟಿನ ಮೇಲಿನ 340 ಟನ್ನುಗಳನ್ನು, ತುಂಬಿ ನಿಂತ ನೀರಿನಲ್ಲಿ, ಈ ಐದೂ ಹೇಗೆ ಹಂಚಿಕೊಳ್ಳುತ್ತವೆ?

ಸಮಪಾಲು ಎಂದು ಹೇಳುವವರೇ ಹೆಚ್ಚು. ಆದರೆ ಮೇಲಿನ ಖಂಡದ ಮಧ್ಯವು ನೀರಿನೊಳಗೆ 2 ಅಡಿ ಆಳದಲ್ಲಿದೆ. ಅದರ ಕೆಳಗಿನದು 6 ಅಡಿ. ಬಳಿಕ 10, 14, 18. ಒತ್ತಡವು ಆಳಕ್ಕೆ ಅನುಪಾತವಾಗಿರುವುದರಿಂದ ಬಲಗಳೂ ಹಾಗೆಯೇ: 1, 3, 5, 7, 9 ಎಂಬ ಅನುಪಾತದಲ್ಲಿ. ಮೊತ್ತ 25. ಮೇಲಿನ ಖಂಡಕ್ಕೆ 13.6 ಟನ್, ಬುಡದ ಖಂಡಕ್ಕೆ 122 ಟನ್. ಈ ಬೆಸ ಸಂಖ್ಯೆಗಳ ಸಾಲನ್ನು ಕಂಡೊಡನೆ, ತರಗತಿಯ ಮೊದಲ ತಿಂಗಳಿನ ಪಾಠವೊಂದು ನೆನಪಿಗೆ ಬರಬೇಕು. ಮೇಲಿನಿಂದ ಬಿಟ್ಟ ಕಲ್ಲು ಮೊದಲನೆಯ ಕ್ಷಣದಲ್ಲಿ ಕ್ರಮಿಸುವ ದೂರವು ಒಂದಾದರೆ, ಎರಡನೆಯ ಕ್ಷಣದಲ್ಲಿ ಮೂರು, ಮೂರನೆಯದರಲ್ಲಿ ಐದು ಎಂದು ಗೆಲಿಲಿಯೋ 1638ರಲ್ಲಿ ಮುದ್ರಿತವಾದ ತನ್ನ ಗ್ರಂಥದಲ್ಲಿ ಸಾಧಿಸಿದ್ದನು. ಅಲ್ಲಿ ವೇಗವು ಕಾಲದೊಡನೆ ಸಮವಾಗಿ ಏರಿತು. ಇಲ್ಲಿ ಒತ್ತಡವು ಆಳದೊಡನೆ ಸಮವಾಗಿ ಏರುತ್ತಿದೆ. ಶೂನ್ಯದಿಂದ ಸಮವಾಗಿ ಏರುವ ಯಾವುದನ್ನೇ ಆಗಲಿ ಸಮಪಾಲು ಮಾಡಿ ಕೂಡಿಸುತ್ತ ಹೋದರೆ ಬೆಸ ಸಂಖ್ಯೆಗಳೇ ಬರುವುವು, ಅವುಗಳ ಮೊತ್ತವು ವರ್ಗಗಳೇ ಆಗುವುವು. ಬೀಳುವ ಕಲ್ಲೂ ನಿಂತ ನೀರೂ ಒಂದೇ ಗಣಿತದ ಎರಡು ಮುಖಗಳೆಂದು ಅರಿತ ವಿದ್ಯಾರ್ಥಿಗೆ ಸೂತ್ರಗಳ ಪಟ್ಟಿ ಅರ್ಧಕ್ಕೆ ಇಳಿದಂತಾಯಿತು.

ಈ ಬಲವು ಅಡ್ಡಲಾಗಿ ನೂಕುತ್ತಿದ್ದರೂ ಕೆಳಗಿಳಿಸುವ ಕೆಲಸಕ್ಕೆ ಅದೇ ಶತ್ರುವಾಗುವುದೆಂಬುದು ಇನ್ನೊಂದು ಸ್ವಾರಸ್ಯ. ನೂಕಿದ ಖಂಡವು ಕಂಬದಲ್ಲಿನ ತೋಡಿಗೆ ಒತ್ತಿಕೊಳ್ಳುತ್ತದೆ. ಒತ್ತಿಕೊಂಡಲ್ಲಿ ಘರ್ಷಣೆ ಹುಟ್ಟುತ್ತದೆ. ಘರ್ಷಣ ಗುಣಾಂಕವನ್ನು 0.3 ಎಂದು ಹಿಡಿದರೆ, 340 ಟನ್ನಿನ ಒತ್ತಿಗೆ ಒಳಗಾದ ಇಡೀ ಗೇಟನ್ನು ಜಾರಿಸಲು ಅದರ ತೂಕದ ಮಾತು ಹಾಗಿರಲಿ, ಘರ್ಷಣೆಗೇ ನೂರು ಟನ್ನು ಬೇಕು. ದೊಡ್ಡ ಗೇಟುಗಳಿಗೆ ಗಾಲಿಗಳನ್ನು ಕಟ್ಟುವುದೇತಕ್ಕೆ, ದ್ವಾರವನ್ನು ತುಂಡುತುಂಡಾಗಿ ಮುಚ್ಚಿದ್ದೇತಕ್ಕೆ ಎಂಬೆರಡು ಪ್ರಶ್ನೆಗಳಿಗೂ ಬಹುಮಟ್ಟಿನ ಉತ್ತರ ಈ ಒಂದು ಗುಣಾಕಾರದಲ್ಲಿದೆ. ಹರಿಯುವ ನೀರಿನ ಒತ್ತಡವು ನಿಂತ ನೀರಿನದಕ್ಕಿಂತ ಭಿನ್ನವಾದುದರಿಂದ ಅಂದಿನ ನಿಜವಾದ ಬಲಗಳು ಬೇರೆಯೇ ಇದ್ದಿರಬೇಕು. ಆದರೂ ಮೊದಲ ಅಂದಾಜಿಗೆ ಇದು ಸಾಕು, ಎಂಜಿನಿಯರನೂ ಇಲ್ಲಿಂದಲೇ ಹೊರಡುತ್ತಾನೆ.

ತೆರೆದ ದ್ವಾರದಿಂದ ಹೊರಬೀಳುವ ನೀರೆಷ್ಟು ಎಂಬುದು ಮೂರನೆಯ ಪ್ರಶ್ನೆ. ಗೆಲಿಲಿಯೋನ ಶಿಷ್ಯನಾದ ಟಾರಿಚೆಲ್ಲಿಯು, ರಂಧ್ರದಿಂದ ಚಿಮ್ಮುವ ನೀರಿಗೆ ಅದರ ಮೇಲಿರುವ ನೀರಿನ ಎತ್ತರದಿಂದ ಬಿದ್ದ ಕಲ್ಲಿನಷ್ಟೇ ವೇಗವಿರುವುದೆಂದು ಕಂಡುಕೊಂಡನು. ನಮ್ಮ ದ್ವಾರವನ್ನು ಅಡ್ಡಲಾದ ತೆಳು ಪಟ್ಟಿಗಳಾಗಿ ವಿಭಾಗಿಸಿ, ಪ್ರತಿಯೊಂದು ಪಟ್ಟಿಗೂ ಈ ನಿಯಮವನ್ನು ಅನ್ವಯಿಸಿ ಕೂಡಿಸಿದರೆ ಸೆಕೆಂಡಿಗೆ ಸುಮಾರು 814 ಘನಮೀಟರ್, ಎಂದರೆ 28,700 ಕ್ಯುಸೆಕ್ ಬರುತ್ತದೆ. ಆದರೆ ಅಂಚನ್ನು ಸಮೀಪಿಸಿದ ನೀರಿನ ಮೇಲ್ಮೈ ತಗ್ಗುತ್ತದೆ, ಪ್ರವಾಹವು ಕುಗ್ಗುತ್ತದೆ. ಆದುದರಿಂದ ನಿಜವಾದ ಹರಿವು ಇದಕ್ಕಿಂತ ಕಡಿಮೆ. ಎಷ್ಟು ಕಡಿಮೆ? ಅಣೆಕಟ್ಟಿನ 33 ದ್ವಾರಗಳಿಂದ ಒಟ್ಟು ಆರೂವರೆ ಲಕ್ಷ ಕ್ಯುಸೆಕ್ ಹೊರಹೋಗುವಂತೆ ವಿನ್ಯಾಸ ಮಾಡಿದ್ದಾರೆ. ಒಂದರ ಪಾಲಿಗೆ ಸುಮಾರು 19,700. ನಮ್ಮ ಆದರ್ಶದ ಉತ್ತರದ ಶೇಕಡಾ 69ರಷ್ಟು! ಚಿತ್ರವೊಂದು, ಶಾಲೆಯ ನಿಯಮವೊಂದು, ಅಲ್ಪಸ್ವಲ್ಪ ಕಲನಶಾಸ್ತ್ರ, ಇಷ್ಟರಿಂದಲೇ ಹುಡುಗನೊಬ್ಬನು ಎಪ್ಪತ್ತು ವರ್ಷಗಳ ಹಿಂದಿನ ಎಂಜಿನಿಯರುಗಳ ಅಂಕಿಯ ಸಮೀಪಕ್ಕೆ ಬಂದು ನಿಲ್ಲುವುದು ಎಂಥ ಆನಂದ! ತನ್ನ ಉತ್ತರವನ್ನು ಪುಸ್ತಕದ ಕೊನೆಯ ಪುಟದೊಡನೆ ಹೋಲಿಸುವುದಕ್ಕಿಂತ ಭೂಮಿಯ ಮೇಲೆ ನಿಂತಿರುವ ವಸ್ತುವಿನೊಡನೆ ಹೋಲಿಸಿ ನೋಡಿದವನಿಗೆ ಆ ಲೆಕ್ಕ ಜನ್ಮದಲ್ಲಿ ಮರೆಯದು.

ಅಣೆಕಟ್ಟನ್ನು ದಾಟಿ ಬಂದ ಹೊಳೆಯು ಹಂಪಿಯ ಬಂಡೆಗಳ ನಡುವೆ ನುಸುಳಿ ಕಂಪ್ಲಿಯತ್ತ ಸಾಗುವಾಗ, ಸಾಪೇಕ್ಷ ವೇಗದ ಪಾಠವನ್ನು ಹರಿಗೋಲಿನ ಅಂಬಿಗರು ಹೇಳಿಕೊಡುತ್ತಾರೆ. ದಡದಿಂದ ದಡಕ್ಕೆ 200 ಮೀಟರ್. ನೀರಿನ ವೇಗ ಸೆಕೆಂಡಿಗೆ 1 ಮೀಟರ್. ನಿಂತ ನೀರಿನಲ್ಲಿ ಅಂಬಿಗನ ವೇಗ 1.5 ಎಂದುಕೊಳ್ಳೋಣ. ಎದುರು ದಡಕ್ಕೆ ನೇರವಾಗಿ ಹುಟ್ಟು ಹಾಕಿದರೆ 133 ಸೆಕೆಂಡಿನಲ್ಲಿ ದಡ ಸೇರುವನು, ಆದರೆ 133 ಮೀಟರ್ ಕೆಳಗೆ. ಎದುರಿನ ಬಿಂದುವನ್ನೇ ಮುಟ್ಟಬೇಕಾದರೆ ಪ್ರವಾಹಕ್ಕೆ ಎದುರಾಗಿ ಓರೆಯಾಗಿ ಸಾಗಬೇಕು. ಆಗ ವೇಗವು ಎರಡು ವರ್ಗಗಳ ಅಂತರದ ಮೂಲ, ಸುಮಾರು 1.12, ಕಾಲವು ಮೂರು ನಿಮಿಷ. ಹೊಳೆ ಏರಿ ನೀರಿನ ವೇಗವು 2 ಮೀಟರ್ ಆಯಿತೆನ್ನಿ: ಮೂಲದೊಳಗಿನ ಸಂಖ್ಯೆ ಋಣವಾಗುವುದು. ವಿದ್ಯಾರ್ಥಿಯು ಎಲ್ಲಿಯೋ ತಪ್ಪಿದೆನೆಂದು ಭಾವಿಸಿ ಅಳಿಸತೊಡಗುತ್ತಾನೆ. ಅಳಿಸಬಾರದು. ನೇರವಾಗಿ ದಾಟಲು ಸಾಧ್ಯವೇ ಇಲ್ಲ ಎಂಬ ಹೊಳೆಯ ಉತ್ತರವೇ ಆ ಋಣಚಿಹ್ನೆ. ಅಂಬಿಗನು ಇದನ್ನು ಬೀಜಗಣಿತವಿಲ್ಲದೆ ಬಲ್ಲನು. ಹರಿಗೋಲನ್ನು ದಡದ ಉದ್ದಕ್ಕೂ ಮೇಲಕ್ಕೆ ಒಯ್ದು, ಅಲ್ಲಿಂದ ನೀರಿಗೆ ಬಿಟ್ಟು, ತೇಲುತ್ತ ತೇಲುತ್ತ ತನಗೆ ಬೇಕಾದ ಜಾಗಕ್ಕೆ ಬಂದು ತಲುಪುತ್ತಾನೆ. ಜಲಾಶಯದಿಂದ ಅಧಿಕ ನೀರನ್ನು ಬಿಟ್ಟು ಕಂಪ್ಲಿ–ಗಂಗಾವತಿ ಸೇತುವೆಯೇ ಮುಳುಗುವ ದಿನಗಳಲ್ಲಿ ಹರಿಗೋಲುಗಳೂ ದಡ ಹತ್ತುತ್ತವೆ.

ಸಂಡೂರಿನ ಬೆಟ್ಟಗಳ ಮಾತು ಬೇರೆ. ಅಲ್ಲಿ ಮೇಲಿನಿಂದ ಕೆಳಕ್ಕೆ ಬರುವುದು ಕಬ್ಬಿಣದ ಅದಿರು. ಸರಕೂ ಸೇರಿ 25 ಟನ್ ತೂಗುವ ಲಾರಿಯೊಂದು 200 ಮೀಟರ್ ಎತ್ತರವನ್ನು ಇಳಿಯುವಾಗ ಅದರ ಪ್ರಚ್ಛನ್ನ ಶಕ್ತಿಯಲ್ಲಿ ಕಳೆಯುವುದು 490 ಲಕ್ಷ ಜೂಲ್, ಮನೆಯ ಮೀಟರಿನ ಲೆಕ್ಕದಲ್ಲಿ 13.6 ಯೂನಿಟ್. ಲಾರಿಯ ವೇಗವು ಹೆಚ್ಚಕೂಡದೆಂದರೆ ಇಷ್ಟೂ ಶಾಖವಾಗಿ ಎಲ್ಲಿಗಾದರೂ ಹೋಗಲೇಬೇಕು. ಬ್ರೇಕೊಂದನ್ನೇ ನಂಬಿದರೆ, 500 ಕಿಲೋ ಉಕ್ಕಿನ ಬ್ರೇಕ್ ಡ್ರಮ್ಮುಗಳ ಉಷ್ಣತೆ ಇನ್ನೂರು ಡಿಗ್ರಿಗಳಷ್ಟು ಏರುವುದು. ಅನುಭವಿಯಾದ ಚಾಲಕನು ಇಳಿಜಾರಿನ ತಲೆಯಲ್ಲಿಯೇ ಗೇರನ್ನು ಇಳಿಸಿ, ಎಂಜಿನ್ನಿಗೂ ಆ ಶಾಖದ ಪಾಲನ್ನು ಹಂಚುತ್ತಾನೆ. ಅದೇ ಅದಿರು ಲಾರಿಯ ಬದಲು ಇಳಿಮುಖವಾದ ಕನ್ವೇಯರ್ ಬೆಲ್ಟಿನಲ್ಲಿ ಬಂದರೆ ಶಾಖವಾಗಬೇಕಾದದ್ದನ್ನು ವಿದ್ಯುತ್ತಾಗಿ ಹಿಂದಕ್ಕೆ ಪಡೆಯಬಹುದು: ಬೆಲ್ಟನ್ನು ಎಳೆಯಬೇಕಾದ ಮೋಟಾರನ್ನು ಬೆಲ್ಟೇ ಎಳೆಯುವುದು, ಮೋಟಾರು ಜನಕಯಂತ್ರವಾಗುವುದು. ಗಂಟೆಗೆ ಸಾವಿರ ಟನ್, 200 ಮೀಟರ್ ಇಳಿತ ಎಂದು ಹಿಡಿದರೆ 540 ಕಿಲೋವಾಟುಗಳಿಗೂ ಮೇಲ್ಪಟ್ಟ ಸಾಮರ್ಥ್ಯ, ನಷ್ಟಗಳನ್ನು ಇನ್ನೂ ಕಳೆಯದೆ. ಲೆಂಜನ ನಿಯಮವನ್ನು ಸುರುಳಿ, ಅಯಸ್ಕಾಂತಗಳ ಚಿತ್ರದಲ್ಲಿ ಕಲಿತು ಬೇಸರಪಟ್ಟ ಹುಡುಗನಿಗೆ ಈ ಬೆಲ್ಟನ್ನು ತೋರಿಸಬೇಕು: ಹುಟ್ಟಿದ ವಿದ್ಯುತ್ತು ತನ್ನನ್ನು ಹುಟ್ಟಿಸಿದ ಚಲನೆಯನ್ನು ತಡೆಯುವುದು ಎಂಬ ನಿಯಮವೇ ಅಲ್ಲಿ ಬ್ರೇಕಾಗಿ ದುಡಿಯುತ್ತದೆ. ನಿಯಮವು ಹಾಗಿರದೆ ತದ್ವಿರುದ್ಧವಾಗಿದ್ದರೆ ಬೆಲ್ಟು ತಾನಾಗಿಯೇ ಮೇಲಿಂದ ಮೇಲೆ ವೇಗವನ್ನು ಪಡೆಯುತ್ತ, ಶಕ್ತಿಯನ್ನು ಶೂನ್ಯದಿಂದ ಸೃಷ್ಟಿಸುತ್ತ ಹೋಗುತ್ತಿತ್ತು. ಅಂಥದ್ದು ಜಗತ್ತಿನಲ್ಲಿ ಇಲ್ಲ.  

ಈಗ ತರಂಗಗಳು. ಹಂಪಿಯ ವಿಠ್ಠಲ ದೇವಾಲಯದ ಮಹಾಮಂಟಪದ ಸಂಗೀತ ಕಂಬಗಳ ಖ್ಯಾತಿಯು ಅವುಗಳಿಗೇ ಅಪಾಯವನ್ನು ತಂದುದರಿಂದ ಅವುಗಳನ್ನು ಬಡಿಯುವುದನ್ನು ಪುರಾತತ್ತ್ವ ಇಲಾಖೆಯವರು ನಿಷೇಧಿಸಿದ್ದಾರೆ; ನಿಷೇಧ ಅತ್ಯಂತ ಯುಕ್ತವಾದದ್ದು. ಕಂಬದೊಳಗೆ ಟೊಳ್ಳಿದೆ, ಅದರಿಂದ ನಾದ ಬರುತ್ತದೆ ಎಂದು ಪ್ರವಾಸಿಗರು ಒಬ್ಬರಿಗೊಬ್ಬರು ಹೇಳುತ್ತಿದ್ದರೂ, ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹನ್ನೊಂದು ಕಂಬಗಳ ನಾದವನ್ನು ಕ್ರಮಬದ್ಧವಾಗಿ ಮುದ್ರಿಸಿ, ವಿಶ್ಲೇಷಿಸಿ, ಅವು ಘನವಾದ ಶಿಲಾಸ್ತಂಭಗಳೆಂದೂ, ಬಾಗುವ ಕಂಪನದಿಂದ ನಾದವನ್ನು ಕೊಡುತ್ತವೆಂದೂ ತೋರಿಸಿದ್ದಾರೆ.

ಬಾಗುವ ಕಂಪನ ಎಂಬುದರಲ್ಲಿಯೇ ಲೆಕ್ಕದ ತಿರುಳಿದೆ. ಶಾಲೆಯ ವಿದ್ಯಾರ್ಥಿಗೆ ತಂತಿಯೂ ಕೊಳವೆಯೂ ಚೆನ್ನಾಗಿ ಗೊತ್ತು. ಕಂಬವೆಂದೊಡನೆ ಅವನು, ಎರಡು ತುದಿಗಳ ನಡುವೆ ಶಬ್ದವು ಉದ್ದಕ್ಕೆ ಓಡಾಡುತ್ತಿದೆ ಎಂದು ಕಲ್ಪಿಸಿ, ವೇಗವನ್ನು ಉದ್ದದ ಎರಡರಷ್ಟರಿಂದ ಭಾಗಿಸುತ್ತಾನೆ. ಗ್ರಾನೈಟಿನಲ್ಲಿ ಶಬ್ದವೇಗವನ್ನು ಸೆಕೆಂಡಿಗೆ 4,500 ಮೀಟರ್ ಎಂದೂ, ಕಂಬದ ಉದ್ದವನ್ನು ಒಂದೂವರೆ ಮೀಟರ್ ಎಂದೂ ಹಿಡಿದರೆ ಆವೃತ್ತಿ 1,500. ಆದರೆ ಬೆರಳಿನಿಂದ ಮೆಲ್ಲನೆ ತಟ್ಟಿದ್ದು ಪಕ್ಕದಿಂದ, ಅಗಲಕ್ಕೆ. ಕಂಬವು ಉದ್ದಕ್ಕೆ ಹಿಗ್ಗಿ ಕುಗ್ಗಲಿಲ್ಲ, ಬಿಲ್ಲಿನಂತೆ ಬಾಗಿತು. ಬಾಗುವಿಕೆಗೆ ದಪ್ಪವೂ ಮುಖ್ಯ: ಆವೃತ್ತಿಯು ದಪ್ಪಕ್ಕೆ ಅನುಪಾತವಾಗಿಯೂ ಉದ್ದದ ವರ್ಗಕ್ಕೆ ವಿಲೋಮವಾಗಿಯೂ ಇರುತ್ತದೆ. ಹತ್ತು ಸೆಂಟಿಮೀಟರ್ ವ್ಯಾಸದ ಕಂಬವು ಎರಡು ತುದಿಗಳಲ್ಲಿಯೂ ಬಂಡೆಯಲ್ಲಿ ಹುದುಗಿದೆ ಎಂದು ಗಣಿಸಿದರೆ ಸುಮಾರು 180 ಬರುತ್ತದೆ. ಎಂಟು ಪಟ್ಟಿಗೂ ಮೀರಿದ ವ್ಯತ್ಯಾಸ! ಅಂಕಗಣಿತದಲ್ಲಿ ಎಲ್ಲಿಯೂ ದೋಷವಿಲ್ಲ, ದೋಷವಿರುವುದು ಚಿತ್ರದಲ್ಲಿ. ಇಷ್ಟೇ ಅಲ್ಲ: ವೀಣೆಯ ತಂತಿಯ ಮೇಲುಸ್ವರಗಳು ಮೂಲಸ್ವರದ ಎರಡರಷ್ಟು, ಮೂರರಷ್ಟು ಎಂದು ಪೂರ್ಣಾಂಕಗಳಲ್ಲಿ ಏರಿದರೆ, ಇಂಥ ಬಾಗುವ ಕಂಬದ ಮೇಲುಸ್ವರಗಳು 2.76, 5.40 ಎಂಬ ಅಪೂರ್ಣಾಂಕಗಳಲ್ಲಿ ಏರುವುವು. ಆದುದರಿಂದಲೇ ಅದರ ನಾದದಲ್ಲಿ ತಂತಿಯ ಮಾಧುರ್ಯಕ್ಕಿಂತ ಲೋಹದ ಛಾಯೆ ಹೆಚ್ಚು. ಉದ್ದವೂ ದಪ್ಪವೂ ಆವೃತ್ತಿಯ ಮೇಲೆ ಬೇರೆ ಬೇರೆ ಬಗೆಯಲ್ಲಿ ಪರಿಣಾಮ ಮಾಡುವುದನ್ನು, ಈ ಸಮೀಕರಣವು ಹುಟ್ಟುವುದಕ್ಕೆ ಎರಡು ಶತಮಾನಗಳ ಮೊದಲೇ, ಉಳಿಯ ತುದಿಯಲ್ಲಿ ಅರಿತು ಕೆತ್ತಿದ ಶಿಲ್ಪಿಗಳನ್ನು ನೆನೆದರೆ ಕೈಮುಗಿಯಬೇಕೆನ್ನಿಸುತ್ತದೆ.  

ಪರಮಾಣುವಿನ ಪಾಠಕ್ಕೆ ಮಾತ್ರ ಕಣ್ಣಿಗೆ ಕಾಣುವ ಉದಾಹರಣೆ ದೊರೆಯದೆಂದು ಅಧ್ಯಾಪಕರು ಹೇಳುವುದುಂಟು. ಹಂಪಿಯ ಬಂಡೆಗಳ ನಡುವೆ ನಿಂತು ಹಾಗೆ ಹೇಳುವಂತಿಲ್ಲ. ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯಲ್ಪಡುವ ಶಿಲಾಶ್ರೇಣಿಯ ಉತ್ತರಭಾಗಕ್ಕೆ ಸೇರಿದ ಈ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಗ್ರಾನೈಟಿನಲ್ಲಿ ಪೊಟ್ಯಾಸಿಯಂ ಇದೆ. ಅದರಲ್ಲಿ ಅತ್ಯಲ್ಪಾಂಶವು ವಿಕಿರಣಶೀಲವಾದ ಪೊಟ್ಯಾಸಿಯಂ–40. ಅದರ ಅರ್ಧಾಯು 125 ಕೋಟಿ ವರ್ಷ. ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡಿದರೆ ಲೆಕ್ಕ ತಾನಾಗಿ ಬಾಯಿಬಿಡುತ್ತದೆ: ಬಂಡೆಯು ಹುಟ್ಟಿದಂದಿನಿಂದ ಸುಮಾರು ಎರಡು ಅರ್ಧಾಯುಗಳು ಸಂದಿವೆ, ಅಂದು ಇದ್ದುದರಲ್ಲಿ ಇಂದು ಉಳಿದಿರುವುದು ನಾಲ್ಕರಲ್ಲೊಂದು ಪಾಲು. ಕ್ಷಯಿಸಿದುದರಲ್ಲಿ ಶೇಕಡಾ 89ರಷ್ಟು ಕ್ಯಾಲ್ಸಿಯಂ ಆಗಿಯೂ, ಉಳಿದದ್ದು ಆರ್ಗಾನ್ ಆಗಿಯೂ ಮಾರ್ಪಟ್ಟಿದೆ. ಯುರೇನಿಯಂ–238ರ ಅರ್ಧಾಯು 447 ಕೋಟಿ ವರ್ಷವಾದುದರಿಂದ ಅದು ಇನ್ನೂ ಶೇಕಡಾ 68ರಷ್ಟು ಉಳಿದಿದೆ. ಜಿರ್ಕಾನ್ ಎಂಬ ಪುಟ್ಟ ಹರಳುಗಳಲ್ಲಿ ಸಿಕ್ಕಿಬಿದ್ದ ಯುರೇನಿಯಂ, ಸೀಸಗಳ ಪ್ರಮಾಣವನ್ನು ಅಳೆದೇ ಭೂವಿಜ್ಞಾನಿಗಳು ಇಂಥ ಬಂಡೆಗಳ ವಯಸ್ಸನ್ನು ನಿರ್ಧರಿಸುತ್ತಾರೆ. ಕಿಲೋಗ್ರಾಂ ಗ್ರಾನೈಟಿನಲ್ಲಿ 40 ಗ್ರಾಂ ಪೊಟ್ಯಾಸಿಯಂ ಇದೆಯೆಂದರೆ, ಅದರಲ್ಲಿ ಪ್ರತಿ ಸೆಕೆಂಡಿಗೂ ಸುಮಾರು 1,200 ಪರಮಾಣುಗಳು ಕ್ಷಯಿಸುತ್ತಿರುತ್ತವೆ. ಇದನ್ನು ಕೇಳಿ ಭಯಪಡಬೇಕಾಗಿಲ್ಲ. ನಮ್ಮ ದೇಹದ ಪೊಟ್ಯಾಸಿಯಂ ಕೂಡ ಸೆಕೆಂಡಿಗೆ ಸುಮಾರು ನಾಲ್ಕು ಸಾವಿರದ ಲೆಕ್ಕದಲ್ಲಿ ಇದೇ ಕೆಲಸವನ್ನು ಮಾಡುತ್ತಿದೆ. ಯಾವ ಪರಮಾಣು ಈ ಕ್ಷಣ ಕ್ಷಯಿಸುವುದೆಂದು ಹೇಳಲಾಗದು, ಆದರೂ ಎಷ್ಟು ಕ್ಷಯಿಸುವುವೆಂದು ನಿಶ್ಚಯವಾಗಿ ಹೇಳಬಹುದು: ಅನಿಶ್ಚಿತವಾದ ವ್ಯಕ್ತಿಗಳಿಂದ ನಿಶ್ಚಿತವಾದ ಸಮೂಹವು ಮೂಡುವ ಈ ವಿಚಾರವು, ಪರೀಕ್ಷೆಗೆಂದು ಘಾತೀಯ ಸೂತ್ರವನ್ನು ಉರುಹೊಡೆದವನಿಗೆ ದಕ್ಕದೆ ಹೋಗುವುದು ದೊಡ್ಡ ನಷ್ಟ.

ಪ್ರವೇಶಪರೀಕ್ಷೆಗಳನ್ನು ನಾನು ಹಳಿಯುವವನಲ್ಲ. ಎಚ್.ಸಿ. ವರ್ಮ ಅವರ ಭೌತಶಾಸ್ತ್ರದ ಎರಡು ಸಂಪುಟಗಳನ್ನು ಕಂಕುಳಲ್ಲಿಟ್ಟುಕೊಂಡು ಬೆಳಗಿನ ಬಸ್ಸು ಹಿಡಿಯುವ ಸಂಡೂರು, ಕಂಪ್ಲಿಗಳ ಮಕ್ಕಳ ಬದುಕು ಆ ಪರೀಕ್ಷೆಗಳ ಮೇಲೆ ನಿಂತಿದೆ. ಆ ಪುಸ್ತಕವೂ ಚಿತ್ರದಿಂದ ಆರಂಭಿಸಿ ಯೋಚಿಸುವವನಿಗೇ ಒಲಿಯುವಂಥದು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಬಂದು, ಏಕಾಏಕಿ ಇಂಗ್ಲಿಷಿನ ವಾಕ್ಯಗಳ ನಡುವೆ ಬಿದ್ದವರಿಗೆ ಚಿತ್ರವು ಇನ್ನೂ ದೂರ. ಅವರಿಗೆ ನಾನು ಹೇಳುವುದಿಷ್ಟೆ: ಪ್ರಶ್ನೆಯನ್ನು ಓದಿ, ಪುಸ್ತಕವನ್ನು ಮುಚ್ಚಿ, ಅಲ್ಲಿ ನಡೆದದ್ದೇನೆಂದು ಪಕ್ಕದವನಿಗೆ ಮನೆಯ ಮಾತಿನಲ್ಲಿ ಹೇಳಿ, ಹೇಳಲು ಬಂದರೆ ಲೆಕ್ಕ ಬಂದ ಹಾಗೆಯೇ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಹೊರಡಿಸಿದುದೂ, ಮುಂದೆ ಜಿ.ಟಿ. ನಾರಾಯಣರಾಯರು, ಅಡ್ಯನಡ್ಕ ಕೃಷ್ಣಭಟ್ಟರು ಮೊದಲಾದವರು ತಮ್ಮ ಜೀವಮಾನವನ್ನು ಕನ್ನಡದ ವಿಜ್ಞಾನ ಬರವಣಿಗೆಗೆ ಮೀಸಲಿಟ್ಟುದೂ ಕನ್ನಡದಲ್ಲಿ ಕಠಿಣವಾದುದನ್ನು ಯೋಚಿಸಬಹುದೆಂಬ ಭರವಸೆಯಿಂದಲೇ.

ತರಗತಿಗೆ ಒಯ್ಯಲು ಇನ್ನೊಂದು ಲೆಕ್ಕವಿದೆ. ಅದು ಯಾವ ಪ್ರಶ್ನೆಪತ್ರಿಕೆಯಲ್ಲಿಯೂ ಬಾರದು. ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ 133 ಟಿಎಂಸಿ ಅಡಿ. ಹೂಳು ತುಂಬಿ ಅದು, ಅಳತೆಯ ಪ್ರಕಾರ, ಸುಮಾರು 106ಕ್ಕೆ ಇಳಿದಿದೆ. ಒಂದು ಟಿಎಂಸಿಗೆ 2.83 ಕೋಟಿ ಘನಮೀಟರಿನಂತೆ, 27 ಟಿಎಂಸಿಯಷ್ಟು ಹೂಳನ್ನು ಆ ಅಳತೆಯ ಹೊತ್ತಿಗೆ ಸಂದಿದ್ದ ಆರು ದಶಕಗಳಿಗೆ ಹಂಚಿದರೆ ವರ್ಷಕ್ಕೆ ಸುಮಾರು 1.27 ಕೋಟಿ ಘನಮೀಟರ್, ದಿನಕ್ಕೆ ಸುಮಾರು 35,000. ಲಾರಿಯೊಂದು 15 ಘನಮೀಟರ್ ಹೊರುವುದೆಂದರೆ, ಅಂದಂದು ಬಂದು ಸೇರುವುದನ್ನು ಅಂದಂದೇ ತೆಗೆದುಹಾಕಲು ದಿನಕ್ಕೆ 2,300ಕ್ಕೂ ಹೆಚ್ಚು ಲಾರಿಗಳು, ಹಗಲಿರುಳೂ 37 ಸೆಕೆಂಡಿಗೊಂದರಂತೆ, ವರ್ಷವಿಡೀ ಹೊರಡುತ್ತಿರಬೇಕು. ಹಳೆಯ ಹೂಳಿಗೆ ಕೈ ಹಚ್ಚುವುದು ಆಮೇಲಿನ ಮಾತು. ಹೂಳೆತ್ತಬೇಕೆಂಬ ಬೇಡಿಕೆಯ ಜೊತೆಗೇ ನವಲಿಯಲ್ಲಿ ಸಮಾನಾಂತರ ಜಲಾಶಯವೊಂದರ ಪ್ರಸ್ತಾವವು ಏಕೆ ಎದ್ದಿತೆಂಬುದನ್ನು, ಇಷ್ಟು ಗುಣಾಕಾರ ಭಾಗಾಕಾರಗಳನ್ನು ತನ್ನ ಕೈಯಿಂದಲೇ ಮಾಡಿದ ಹತ್ತನೆಯ ತರಗತಿಯ ಹುಡುಗಿಯೂ ತನ್ನ ತಂದೆಗೆ ವಿವರಿಸಬಲ್ಲಳು.